ಓಡುವ ಮಕ್ಕಳ ಫೋಟೋ ಕಾಕಾ
ಅಫಜಲಪುರದಲ್ಲಿ ಯಾವ ಮಗುವಿನ ಹುಟ್ಟುಹಬ್ಬವಿದ್ದರೂ ಕಲ್ಲಿನಾಥ ಕಾಕಾ ಮೊಬೈಲು ಹಿಡಿದು ಹಾಜರಾಗುತ್ತಾರೆ; ಕರೆಯಬೇಕೆಂದೇನಿಲ್ಲ. ಬಂದವರೇ ಮೊದಲು ಹೆಗಲ ಮೇಲಿನ ವಲ್ಲಿಯ ತುದಿಯಿಂದ ಕ್ಯಾಮೆರಾದ ಕಣ್ಣು ಒರೆಸುತ್ತಾರೆ. ತಾಯಿ ಪೌಡರ್ ಬಳಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ ಮಗುವನ್ನು ಕೆಳಗಿಳಿಸಿ, ಕುರ್ಚಿಯನ್ನೇ ಹಿತ್ತಲಿಗೆ ಸಾಗಿಸುತ್ತಾರೆ. ಬಿಸಿಲು ನೆತ್ತಿಗೇರಿದ್ದರೆ ಫೋಟೋ ಇಲ್ಲ. ನೆರಳು ಹೊರಳುವವರೆಗೆ ಚಹಾ ಕುಡಿಯುತ್ತ ಕೂರುತ್ತಾರೆ, ಕೇಕೂ ಅವರೊಂದಿಗೆ ಕಾಯಬೇಕು. 'ನಗು' ಎನ್ನುವುದಿಲ್ಲ, 'ಇಲ್ಲಿ ನೋಡು' ಎನ್ನುವುದಿಲ್ಲ. 'ಆ ಬೇವಿನ ಗಿಡ ಮುಟ್ಟಿ ಓಡಿ ಬಾ ನೋಡೂನು' ಎಂದು ಹೇಳಿ, ಬಿಳಿ ಧೋತರದ ಪರಿವೆಯಿಲ್ಲದೆ ಅಂಗಳದ ಮಣ್ಣಿನಲ್ಲಿ ಬೋರಲು ಮಲಗಿಬಿಡುತ್ತಾರೆ. ಮಕ್ಕಳ ಫೋಟೋ ಮಕ್ಕಳ ಎತ್ತರದಿಂದಲೇ ತೆಗೆಯಬೇಕು ಎಂಬುದು ಅವರ ವಾದ. ಮಗು ತೆವಳುವಂಥದ್ದಾದರೆ ತಾವೂ ತೆವಳುತ್ತಾರೆ. ಬೆರಳು ಒತ್ತಿ ಹಿಡಿದರೆ ಮೊಬೈಲು ಹೊಲಿಗೆ ಯಂತ್ರದಂತೆ ಟರಗುಟ್ಟುತ್ತದೆ. ಅಷ್ಟು ಫೋಟೋಗಳಲ್ಲಿ ಒಂದು ಚೆನ್ನಾಗಿ ಬಂದರೆ ಅಂದಿನ ಊಟ ರುಚಿ. ಈ ಹುಚ್ಚು ಹತ್ತಿದ್ದು ಅವರ ಸ್ಟುಡಿಯೋ ಮುಚ್ಚಿದ ಮೇಲೆ. ಅದಕ್ಕೂ ಮೊದಲು, ಊರಿನಲ್ಲಿ ಯಾರೇ ಲಿಂಗೈಕ್ಯರಾದರೂ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿ, ಗೋಡೆಗೆ ಒರಗಿಸಿ ಕೂರಿಸಿದ ದೇಹದ ಕೊನೆಯ ಫೋಟೋ ತೆಗೆಯಲು ಇವರನ್ನೇ ಕರೆಯುತ್ತಿದ್ದರು. ಮೊನ್ನೆ ಜಯಮಾಲಾ ತನ್ನ ಮಗಳ ಫೋಟೋ ನೋಡಿ, 'ಚಲೋ ಬಂದಾದ್ರಿ ಕಾಕಾ, ಆದ್ರ ಇಕಿ ಕೈ ಅಳ್ಳಾಡಿ ಮಸಕಾಗ್ಯಾದಲ್ರಿ' ಎಂದಳು. ಕಾಕಾ ಧೋತರದ ಮಣ್ಣು ಕೊಡವಿಕೊಂಡು, 'ಇರ್ಲಿ ಬಿಡವ್ವ' ಎಂದರು. 'ಅಳ್ಳಾಡದೆ ಕುಂತ ಕೂಸಿನ ಫೋಟೋನೂ ತಗದೇನಿ.'