ಗಾಡಿಯ ನಡುಕ, ಕಾಲಿನ ನಡುಕ

1981ನೇ ಇಸವಿ, ಜನವರಿ 19, ಸೋಮವಾರ, ಬೆಳಿಗ್ಗೆ ಏಳೂಕಾಲು. ಬಾಳೂರಿನ ಏರಿನಲ್ಲಿ ನಮ್ಮ ಎಸ್ಟೇಟಿನ ಹಳೆಯ ಕಾರು ಮೊದಲ ಸಲ ನಡುಗಿತು.

ಓಡಿಸುತ್ತಿದ್ದವರು ನನ್ನ ಅಪ್ಪ. ಹಿಂದಿನ ಸೀಟಿನಲ್ಲಿ ಸಾಹುಕಾರರು, ಅವರ ಹೆಂಡತಿ, ಇಬ್ಬರು ಮೊಮ್ಮಕ್ಕಳು. ಡಿಕ್ಕಿಯಲ್ಲಿ ಮದುವೆಗೆ ಹೊರಟವರ ಪೆಟ್ಟಿಗೆಗಳು. ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಾನು ಬ್ಯಾಂಕಿನ ಕೆಲಸಕ್ಕೆಂದು ಮುಂದೆ ಕೂತಿದ್ದೆ. ಅಪ್ಪ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಚಳಿಜ್ವರ ಬಂದವರಂತೆ ಇಡೀ ಗಾಡಿ ಗಡಗಡ ಅದುರಿತು. ಕಾಲು ಸಡಿಲಿಸಿದರೆ ನಿಂತಿತು. ಒತ್ತಿದರೆ ಮತ್ತೆ ಅದೇ.

"ಎಂತದು ಮಾರಾಯ, ಗಾಡಿ ನಡುಗ್ತಾ ಉಂಟಾ, ನಿನ್ ಕಾಲಾ?" ಎಂದರು ಸಾಹುಕಾರರು.

ಮೊಮ್ಮಕ್ಕಳು ನಕ್ಕರು. ಅಪ್ಪ ನಗಲಿಲ್ಲ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ಅವರ ಬಲಗಾಲಿನಲ್ಲಿ ಸಣ್ಣದೊಂದು ನಡುಕ ಉಳಿದಿತ್ತು. ಊಟಕ್ಕೆ ಕೂತಾಗ ಮಂಡಿಯ ಮೇಲೆ ಕೈ ಇಟ್ಟು ಅದನ್ನು ಅದುಮಿ ಹಿಡಿಯುತ್ತಿದ್ದರು. ಮನೆಯಲ್ಲಿ ನಾವು ಆ ಮಾತು ಎತ್ತುತ್ತಿರಲಿಲ್ಲ. ಆ ಸುದ್ದಿ ಸಾಹುಕಾರರ ಬಂಗಲೆಯವರೆಗೂ ಮುಟ್ಟಿದೆ ಎಂದು ನನಗೆ ತಿಳಿದದ್ದು ಆ ಬೆಳಿಗ್ಗೆ.

ಮುಂದಿನ ವಾರ ಕಾರು ಮೂಡಿಗೆರೆಯ ಗ್ಯಾರೇಜಿಗೆ ಹೋಯಿತು. ಅಪ್ಪನದೊಂದು ಪದ್ಧತಿ ಇತ್ತು. ಗ್ಯಾರೇಜಿಗೆ ಬಿಡುವ ಗಾಡಿಯಲ್ಲಿ ಒಂದು ಕಡ್ಡಿಯೂ ಇರಬಾರದು. ಸ್ಟೆಪ್ನಿ, ಜಾಕು, ಮಳೆಗಾಲದ ಕೆಸರಿಗೆಂದು ಇಟ್ಟ ಚಕ್ರದ ಚೈನು, ಎಲ್ಲವನ್ನೂ ಇಳಿಸಿ, ಒಳಗೆ ಹೊರಗೆ ತೊಳೆದೇ ಒಯ್ಯುವುದು. "ಕೊಳೆ ಗಾಡಿ ಕೊಟ್ರೆ ಕೊಳೆ ಕೆಲಸಾನೇ ಮಾಡ್ತಾರೆ" ಎನ್ನುತ್ತಿದ್ದರು.

ಮೆಕ್ಯಾನಿಕ್ ಸಾಬರು ಎಂಜಿನ್ ಮಿಸ್ಸಿಂಗ್ ಇರಬಹುದೆಂದು ಪ್ಲಗ್ಗು ಬಿಚ್ಚಿ ಉಜ್ಜಿದರು, ಕಾರ್ಬುರೇಟರಿನ ಜೆಟ್ಟು ಊದಿದರು, ಕ್ಲಚ್ಚು ನೋಡಿದರು. ಆಮೇಲೆ ತಾವೇ ಒಂದು ಸುತ್ತು ಓಡಿಸಿ ಬಂದರು. "ಎಂತದೂ ಇಲ್ಲ ಡ್ರೈವರ್ರೆ. ಬೆಣ್ಣೆ ಹಾಗೆ ಹೋಗ್ತದೆ."

ಮರಳಿ ಬರುವಾಗಲೂ ಕಾರು ನಡುಗಲಿಲ್ಲ. ಆದರೆ ಅದೇ ವಾರ ಸಾಹುಕಾರರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಳಸಕ್ಕೆ ಹೊರಟಾಗ ಏರಿನಲ್ಲಿ ಮತ್ತೆ ನಡುಗಿತು. ಮತ್ತೆ ಗ್ಯಾರೇಜು, ಮತ್ತೆ ಅದೇ ಉತ್ತರ. ನಡುಗಿದ ದಿನ, ಜಾಗ, ಗೇರು, ಎಂಜಿನ್ ಬಿಸಿಯೋ ತಣ್ಣಗೋ ಎಲ್ಲವನ್ನೂ ನಾನು ಡೈರಿಯಲ್ಲಿ ಗೆರೆ ಹಾಕಿ ಬರೆದೆ. ಏನೂ ಹೊಳೆಯಲಿಲ್ಲ. ಗಾಡಿಯಲ್ಲಿ ಎಷ್ಟು ಭಾರ ಇತ್ತು ಎಂಬುದಕ್ಕೆ ನಾನು ಕಾಲಮ್ಮೇ ಹಾಕಿರಲಿಲ್ಲ.

ಇತ್ತ ಸಾಹುಕಾರರು ಬೇರೆ ಡ್ರೈವರನ್ನು ವಿಚಾರಿಸುತ್ತಿದ್ದಾರೆಂದು ಆಳುಗಳ ಮೇಸ್ತ್ರಿ ಬಂದು ಹೇಳಿದ. ಸಾಬರ ಕೈಯಲ್ಲಿ ನಡುಗದ ಗಾಡಿ ಅಪ್ಪನ ಕೈಯಲ್ಲಿ ನಡುಗುತ್ತದೆ ಎಂದರೆ ತಪ್ಪು ಯಾರದೆಂದು ಎಲ್ಲರಿಗೂ ಖಾತ್ರಿಯಾಗಿತ್ತು. ಅಪ್ಪನಿಗೆ ಡ್ರೈವಿಂಗ್ ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಮೂರನೇ ಸಲ ಗ್ಯಾರೇಜಿಗೆ ಹೋದಾಗ ನಾನೂ ಜೊತೆಗಿದ್ದೆ. ಸಾಬರು ಆಗಲೂ ಏನೂ ಇಲ್ಲವೆಂದರು. ಮರಳುವಾಗ ಆಳುಗಳ ರೇಷನ್ನಿಗೆಂದು ಪೇಟೆಯಿಂದ ಆರು ಮೂಟೆ ಅಕ್ಕಿ ತರಬೇಕಿತ್ತು. ಲಾರಿ ಸಿಗದೆ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿದೆವು. ಬಾಳೂರಿನಲ್ಲಿ ಒಂದು ಜೀಪು ನೋಡಬೇಕಿದೆ ಎಂದು ಸಾಬರೂ ಹತ್ತಿದರು. "ನಾನೇ ಓಡಿಸ್ತೇನೆ, ನೀವು ಕೂತ್ಕೊಳ್ಳಿ" ಎಂದು ಸ್ಟೇರಿಂಗ್ ಹಿಡಿದರು. ಏರು ಬಂತು. ಸಾಬರು ಆಕ್ಸಿಲರೇಟರ್ ಒತ್ತಿದರು. ಗಾಡಿ ಗಡಗಡ ನಡುಗಿತು.

ಅಪ್ಪ ಸಾಬರ ಬಲಗಾಲನ್ನು ಬಗ್ಗಿ ನೋಡಿದರು.

"ಸಾಬ್ರೆ, ನಿಮಗೂ ಜ್ವರ ಬಂದಿತ್ತಾ?" ಎಂದರು ಅಪ್ಪ.

"ಸುಮ್ನಿರಿ ಮಾರಾಯ್ರೆ!" ಎಂದು ಸಾಬರು ಗಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಅಂಗಿ ಬಿಚ್ಚಿಟ್ಟು ಅಡಿಗೆ ನುಸುಳಿದರು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಕ್ರಾಸ್ ಎಂಬ ಕೀಲು ಇರುತ್ತದೆ. ಅದು ಗ್ರೀಸ್ ಒಣಗಿ, ಸವೆದು, ಕೈಯಲ್ಲಿ ಹಿಡಿದರೆ ಲಟಲಟ ಆಡುತ್ತಿತ್ತು. ಖಾಲಿ ಗಾಡಿಯಲ್ಲಿ ಅದು ಹೇಗೋ ತಿರುಗುತ್ತಿತ್ತು. ಭಾರ ಬಿದ್ದು ಹಿಂಭಾಗ ಕುಸಿದರೆ ಶಾಫ್ಟಿನ ಓರೆ ಬದಲಾಗಿ, ಏರಿನಲ್ಲಿ ಒತ್ತಿದಾಗ ನಡುಗುತ್ತಿತ್ತು.

"ನೀವು ತೊಳೆದು ಖಾಲಿ ಮಾಡಿ ತಂದ್ರೆ ನನಗೆ ಹೇಗೆ ಗೊತ್ತಾಗ್ಬೇಕು ಡ್ರೈವರ್ರೆ? ಕಾಯಿಲೆ ಮನೇಲಿಟ್ಟು ಬರೀ ಗಾಡಿ ತಂದ ಹಾಗಾಯ್ತಲ್ಲ!" ಎಂದರು ಸಾಬರು. ಅಪ್ಪ ಅವತ್ತು ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕರು.

ಎರಡು ದಿನದಲ್ಲಿ ಹೊಸ ಕ್ರಾಸ್ ಬಿತ್ತು. ಸಾಹುಕಾರರಿಗೆ ತೋರಿಸಲೆಂದು ಅಪ್ಪ ಅಷ್ಟೇ ಮೂಟೆ ಹೇರಿಸಿದರು. ಸಾಹುಕಾರರು ಮುಂದೆ ಕೂತರು, ನಾನು ಹಿಂದೆ ಮೂಟೆಗಳ ಸಂದಿಯಲ್ಲಿ. ಗಾಡಿ ಏರನ್ನು ಸಲೀಸಾಗಿ ಹತ್ತಿತು. ಕೊನೆಯ ತಿರುವಿನಲ್ಲಿ, ಎರಡನೇ ಗೇರಿನಲ್ಲಿ, ಒಂದು ಸಣ್ಣ ನಡುಕ ಬಂತು. ಮೊದಲಿನಂತಲ್ಲ. ಬೆರಳ ತುದಿಯಿಂದ ಯಾರೋ ಕದ ಬಡಿದಷ್ಟು. ದೊಡ್ಡ ನಡುಕವಿದ್ದಾಗ ಅದು ಇದ್ದಿದ್ದರೂ ಗೊತ್ತಾಗುವಂತಿರಲಿಲ್ಲ.

ಸಾಹುಕಾರರು ಕಿಟಕಿಯ ಹೊರಗೆ ನೋಡಿದರು. ಅಪ್ಪ ತಮ್ಮ ಮಂಡಿಯನ್ನು ನೋಡಿಕೊಂಡರು.

ಬಂಗಲೆಯ ಮುಂದೆ ಗಾಡಿ ನಿಲ್ಲಿಸಿ ಅಪ್ಪ ಸ್ಟೇರಿಂಗನ್ನು ಒರೆಸಿ ಕೀಲಿಕೈಯನ್ನು ಸಾಹುಕಾರರತ್ತ ಚಾಚಿದರು. "ಗಾಡಿ ಸರಿಯಾಗಿದೆ, ಸಾಹುಕಾರ್ರೆ."

"ನೀನೇ ಇಟ್ಕೊ ಮಾರಾಯ. ಯಾರು ಏನಂದ್ರು ಈಗ?"

"ಯಾರೂ ಏನೂ ಅಂದಿಲ್ಲ. ಮಕ್ಳು ಕೂರೋ ಗಾಡಿ. ಬೇಡ."

ಮಾರನೆಯ ದಿನದಿಂದ ಅಪ್ಪನಿಗೆ ಕಣದಲ್ಲಿ ಒಣಗುವ ಕಾಫಿ ಕಾಯುವ ಕೆಲಸವಾಯಿತು. ಹೊಸ ಡ್ರೈವರ್ ಬರುವ ಮೊದಲೇ ಸಾಹುಕಾರರು ಆ ಕಾರು ಮಾರಿ ಜೀಪು ತಂದರು. ಹಾಗಾಗಿ ಬೇರೆಯವರ ಕಾಲಡಿಯಲ್ಲಿ ಅದು ನಡುಗುತ್ತಿತ್ತೇ ಎಂದು ನೋಡಲಾಗಲಿಲ್ಲ. ಸಾಬರನ್ನು ಕೇಳಿದೆ. "ಎಂಜಿನ್ ಕೂರೋ ರಬ್ಬರ್ ಹಳೇದಿದ್ರೂ ಹಾಗಾಗ್ತದೆ ರೈಟ್ರೆ. ಆಗದೇನೂ ಇರಬಹುದು. ಒಂದ್ಸಲ ಸರಿಯಾಗಿ ನೋಡ್ದೇ ಹೇಳಿ ಕೆಟ್ಟಿದ್ದೇನೆ, ಇನ್ನು ಹೇಳಲ್ಲ" ಎಂದರು.

ಇದನ್ನು ಬರೆಯುವಾಗ ನಾಲ್ಕು ವರ್ಷ ಕಳೆದಿದೆ. ಈ ಘಟ್ಟಗಳಲ್ಲಿ ಹಳೆಯ ಕಾರು ಓಡಿಸಿದವರು, ರಿಪೇರಿ ಮಾಡಿದವರು ಯಾರಾದರೂ ಓದುತ್ತಿದ್ದರೆ ಒಂದು ಮಾತು ತಿಳಿಸಿ. ಹೊಸ ಕ್ರಾಸ್ ಹಾಕಿದ ಮೇಲೂ, ಭಾರ ಹೊತ್ತು ಏರು ಹತ್ತುವಾಗ, ಅಂಥ ಸಣ್ಣ ನಡುಕ ಗಾಡಿಯಲ್ಲೇ ಉಳಿಯುವುದುಂಟೆ? ಗೊತ್ತಿದ್ದವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಸಾಕು. ಕಣಕ್ಕೆ ಒಯ್ದು ಅಪ್ಪನಿಗೆ ಓದಿ ಹೇಳುತ್ತೇನೆ.