ಗರಿಗರಿ ಫ್ರೆಂಚ್ ಫ್ರೈ ಮತ್ತು ನನ್ನ ವಿವರಣೆ

ಫ್ರೆಂಚ್ ಫ್ರೈ ಬಗ್ಗೆ ಹದಿನೈದು ನಿಮಿಷ ಮಾತಾಡಬಲ್ಲೆ, ಮಾಡಲು ಬರುವುದಿಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಇಷ್ಟು ಸಾಕು ಎಂದುಕೊಂಡಿದ್ದೆ.

ಮಗಳು ಹಟ ಹಿಡಿದಾಗ ಮೊದಲು ಕೈಹಾಕಿದವನು ನಾನೇ. ಆಲೂಗಡ್ಡೆ ಹೆಚ್ಚಿದೆ, ಕಾದ ಎಣ್ಣೆಗೆ ಸುರಿದೆ. ಹೊರಗೆ ಕಪ್ಪಾದವು, ಒಳಗೆ ಹಸಿಯಾಗೇ ಉಳಿದವು, ತಟ್ಟೆಗೆ ಬರುವಷ್ಟರಲ್ಲಿ ಜೋತುಬಿದ್ದವು. ಆಲೂಗಡ್ಡೆಯನ್ನೇ ಬೈದು ಎದ್ದುಬಂದೆ.

ಹೆಂಡತಿ ಗಿರಿಜಾ ವಾರವಿಡೀ ತಾನೇ ಮಾಡಿ ನೋಡಿದಳು. ಬೆರಳುದ್ದ ಹೆಚ್ಚಿ ತಣ್ಣೀರಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದು, ಅರೆಬೇಯಿಸಿ, ನನ್ನ ಹಳೆಯ ಧೋತರದ ಮೇಲೆ ಹರವಿ ಪಸೆ ಆರಿಸಿದಳು. ಸಣ್ಣ ಉರಿಯಲ್ಲಿ ಒಮ್ಮೆ ಕರಿದು ತೆಗೆದು, ಆರಿದ ಮೇಲೆ ದೊಡ್ಡ ಉರಿಯಲ್ಲಿ ಮತ್ತೊಮ್ಮೆ ಕರಿದಳು. ಮುರಿದರೆ ಸಪ್ಪಳ ಬಂತು. ಪಿಷ್ಟ ತೊಳೆದುಹೋಗಿದ್ದಕ್ಕೇ ಹೀಗಾಯಿತು ಎಂದು ನಾನು ಕಾರಣ ಹೇಳಿದೆ. ಕೆಲಸ ಮುಗಿದ ಮೇಲೆ ಬಂದು ಹೆಸರಿಡುವ ಚಟ ವಿಜ್ಞಾನಕ್ಕೂ ಇದೆ, ಗಂಡಂದಿರಿಗೂ ಇದೆ.

ಒಂದು ರವಿವಾರ ಇಳಕಲ್ಲಿನಿಂದ ಹಳೆಯ ಸಹೋದ್ಯೋಗಿ ಪಾಟೀಲರು ಹೆಂಡತಿಯೊಡನೆ ಬಂದರು. ಎರಡು ತಟ್ಟೆ ಖಾಲಿ ಮಾಡಿ ಕೇಳಿದರು, "ಮನ್ಯಾಗ ಇಂಥಾವು ಹೆಂಗ ಮಾಡಿದ್ರಿ ಸರ?"

"ಎಲ್ಲಾ ಪಿಷ್ಟದ ಆಟ ಐತ್ರಿ" ಎಂದು ಶುರು ಮಾಡಿದೆ. ನಾನೇ ಮಾಡಿದೆ ಎಂದು ಹೇಳಲಿಲ್ಲ. ಅವಳು ಮಾಡಿದಳೆಂದೂ ಹೇಳಲಿಲ್ಲ. ಪಾಟೀಲರು ತಲೆದೂಗಿದಷ್ಟೂ ನನ್ನ ಮಾತು ಉದ್ದವಾಯಿತು. ಮೂರನೆಯ ತಟ್ಟೆ ಹಿಡಿದ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ತಟ್ಟೆಯನ್ನು ನಮ್ಮ ಮುಂದಿಟ್ಟು ಒಳಗೆ ಹೋದಳು.

ಅವರನ್ನು ಕಳಿಸಿ ಬಂದು, "ಇವತ್ತ ಭಾಳ ಚಲೋ ಆಗಿದ್ದುವು" ಎಂದೆ.

"ಆಗಿರಬೇಕ್ರಿ. ನಾ ಒಂದೂ ತಿಂದಿಲ್ಲ."

ಮರುದಿನ ಸಂಜೆ ಎರಡು ಆಲೂಗಡ್ಡೆ ತಗೊಂಡು ಅವಳಿಗಾಗಿ ಕರಿಯಲು ನಿಂತೆ. ಪಸೆ ಪೂರ್ತಿ ಆರಿರಲಿಲ್ಲ. ಎಣ್ಣೆ ಸಿಡಿದು ಕೈ ಸುಟ್ಟಿತು. ತಟ್ಟೆ ಮುಂದಿಟ್ಟೆ. ಅವಳು ನನ್ನ ಕೈಗೆ ಮುಲಾಮು ಹಚ್ಚಿದಳು. "ನನಗ ಹಸಿವಿಲ್ರಿ" ಎಂದು ತಟ್ಟೆಯನ್ನು ಮಗಳ ಕಡೆ ಸರಿಸಿದಳು.

ನಾಲ್ಕು ದಿನ ಬಿಟ್ಟು ಪಾಟೀಲರ ಫೋನು ಬಂತು. ಅವರ ಹೆಂಡತಿಗೆ ಮಾಡುವ ಕ್ರಮ ಬೇಕಿತ್ತಂತೆ. ಈ ಸಲ ಧೈರ್ಯ ಮಾಡಿದೆ. "ನನಗ ಅದು ಬರೂದಿಲ್ರಿ. ಮಾಡಿದಾಕಿ ನಮ್ಮಾಕಿ, ಆಕೀನ್ನ ಕೇಳ್ರಿ" ಎಂದು ಫೋನನ್ನು ಗಿರಿಜಾಳಿಗೆ ಕೊಟ್ಟೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು. "ಆವತ್ತ ಇವರು ಎಲ್ಲಾ ಬಿಡಿಸಿ ಹೇಳ್ಯಾರಲ್ರಿ ಅಣ್ಣಾರ. ಹಂಗ ಮಾಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಫೋನು ನನ್ನ ಕೈಗೆ ವಾಪಸು ಬಂತು.

"ಹೇಳ್ರಿ ಸರ, ಬರಕೋತೇನಿ. ಎಣ್ಣಿ ಹದಕ್ಕ ಬಂದದ್ದು ಹೆಂಗ ಗೊತ್ತಾಗ್ತೈತಿ?"

ನನಗೆ ಗೊತ್ತಿರಲಿಲ್ಲ. ಗಿರಿಜಾ ಆಗಲೇ ಬೆನ್ನು ತಿರುಗಿಸಿ ರೊಟ್ಟಿ ಬಡಿಯತೊಡಗಿದ್ದಳು. ಹೆಂಡತಿಯ ಹೆಸರು ಹೇಳಬೇಕಾದದ್ದು ಮಂದಿ ಎದುರು ಕೂತಿದ್ದಾಗ; ಅವರು ಊರು ಮುಟ್ಟಿದ ಮೇಲೆ ಹೇಳುವುದು ತಪ್ಪು ಮನೆಗೆ ಹೋದ ಕಾಗದದ ವಿಳಾಸ ತಿದ್ದಿದಂತೆ.