ಧ್ಯಾನಕ್ಕೆ ಕಪ್ ಬೇಡವೆಂದ ಮೇಷ್ಟ್ರು

"ಕಣ್ಣು ಮುಚ್ಚಿ ಶಾಂತವಾಗಿ ಕೂತ್ಕೊಳ್ರೋ!" ಎಂದು ಕೂಗುವಾಗ ನಮ್ಮ ಪಿ.ಟಿ. ಮೇಷ್ಟ್ರ ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಶಾಂತಿಯನ್ನು ಅಷ್ಟು ಜೋರಾಗಿ ಕಲಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ಸರಸ್ವತಿಪುರಂನ ನಮ್ಮ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಅವರದು. ಹೂಟಗಳ್ಳಿಯಿಂದ ಸೈಕಲ್ ತುಳಿದು ಬಂದ ಬೆವರು ಆರುವ ಮುಂಚೆಯೇ ನಮ್ಮನ್ನು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸುತ್ತಿದ್ದರು. ಮಿಸುಕಾಡಿದವರಿಗೆ ಬೈಗುಳ. ಬೈದ ಮೇಲೆ ತಮ್ಮ ಕಿವಿಯನ್ನೇ ಹಿಡಿದುಕೊಂಡು, "ನೋಡ್ರೋ, ನಂಗೂ ಕೋಪ ಬಂದ್ಬುಡ್ತು" ಎನ್ನುತ್ತಿದ್ದರು.

ಗಣಿತದ ಟೆಸ್ಟ್ ಎಂದರೆ ನನಗೆ ವಿಪರೀತ ಭಯ. ಒಮ್ಮೆ ಒಂದು ಲೆಕ್ಕವೂ ಹೊಳೆಯದೆ, ಸಿಟ್ಟಿಗೆ ಉತ್ತರ ಪತ್ರಿಕೆಯನ್ನೇ ಹರಿದು ಹೊರಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಾಗ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು.

"ಉಸಿರು ಎಲ್ಲಿ ಸಿಕ್ಕಾಕ್ಕೊಂಡಿದೆ ನೋಡು."

"ಗಂಟಲಲ್ಲಿ ಸಾರ್."

"ಇರ್ಲಿ ಬುಡು, ಓಡಿಸ್ಬೇಡ. ಭಯ ಬರ್ಬಾರ್ದು ಅಂತ ಯಾರಂದ್ರು? ಬಂದಾಗ ಬಂತು ಅಂತ ಗೊತ್ತಾದ್ರೆ ಸಾಕು ಕಣಮ್ಮ."

ಮುಂದಿನ ಟೆಸ್ಟಿನಲ್ಲೂ ಭಯ ಬಂತು. ಪತ್ರಿಕೆ ಮಾತ್ರ ಹರಿಯಲಿಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ನಮ್ಮವರಿಗೆ ಸಹಿಸಲಾಗುತ್ತದೆಯೇ? ಸ್ಕೂಲ್ ಡೇ ಹತ್ತಿರ ಬಂದಾಗ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಧ್ಯಾನದ ಸ್ಪರ್ಧೆ ಇಡಬೇಕೆನಿಸಿತು. ಯಾರು ಹೆಚ್ಚು ಹೊತ್ತು ಅಲ್ಲಾಡದೆ ಕೂರುತ್ತಾರೋ ಅವರಿಗೆ ಕಪ್. ತೀರ್ಪುಗಾರರು ನಮ್ಮ ಮೇಷ್ಟ್ರೇ!

ಮೇಷ್ಟ್ರು ಅಂಗಳದಲ್ಲಿ ನಮ್ಮೆಲ್ಲರ ಎದುರೇ ಕಾರ್ಯದರ್ಶಿಗಳ ಮೇಲೆ ಸಿಡಿದರು. "ಧ್ಯಾನದಲ್ಲಿ ಫಸ್ಟ್ ಬರೋದು ಅಂದ್ರೇನ್ ಸಾರ್? ಪಕ್ಕದೋನು ಕಣ್ಬಿಟ್ನಾ ಅಂತ ನೋಡೋಕೇ ಇವನು ಕಣ್ಬಿಡ್ತಾನೆ!"

ನಾವು ಗೊಳ್ಳೆಂದು ನಕ್ಕೆವು. ಕಾರ್ಯದರ್ಶಿಗಳು ನಗಲಿಲ್ಲ. ಸ್ಪರ್ಧೆ ರದ್ದಾಯಿತು, ಜೊತೆಗೆ ಆ ಹತ್ತು ನಿಮಿಷವೂ ಹೋಯಿತು. ಅದರ ಜಾಗಕ್ಕೆ ಕಿರು ಪರೀಕ್ಷೆ ಬಂತು.

ಸುಮ್ಮನೆ ಕೂರಲು ಬಾರದ ಮಕ್ಕಳು ಮೂರು ಗಂಟೆ ಕೂತು ಹೇಗೆ ಬರೆದಾರು ಎಂದು ಮೇಷ್ಟ್ರು ನಿವೃತ್ತಿಯವರೆಗೂ ಹೆಡ್‌ಮಾಸ್ಟರ ಬಾಗಿಲು ತಟ್ಟಿದರು. ಪ್ರತಿ ಸಲವೂ ಒಂದೇ ಉತ್ತರ: "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ." ಯಾವ ಶಾಲೆಯಲ್ಲಿ ಪರೀಕ್ಷೆ ಮುಗಿಯುತ್ತದೆ ಸ್ವಾಮಿ? ನಾನೇನೋ ಎಸ್.ಎಸ್.ಎಲ್.ಸಿ. ಗಣಿತ ದಾಟಿದೆ, ಅದು ಅವರ ಋಣ. ನನ್ನ ಹಿಂದೆ ಬಂದ ಮಕ್ಕಳಿಗೆ ಆ ಮೆಟ್ಟಿಲ ಮೇಲಿನ ಮಾತನ್ನು ಯಾರು ಹೇಳಿದರು? ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಹಳೆಯ ವಿದ್ಯಾರ್ಥಿನಿಯೆಂದು ನನ್ನನ್ನೂ ಕರೆದಿದ್ದರು. ಅವರ ಶಿಸ್ತನ್ನು ಎಲ್ಲರೂ ಹೊಗಳಿದರು, ಧ್ಯಾನದ ಮಾತನ್ನು ಒಬ್ಬರೂ ಎತ್ತಲಿಲ್ಲ. ಕೊನೆಗೆ ಹೊಸ ಹೆಡ್‌ಮಾಸ್ಟರು ಎರಡು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದೆವು. ಒಂದು ನಿಮಿಷವೂ ಆಗಿರಲಿಲ್ಲ.

"ಸಾಕು, ಕೂತ್ಕೊಳ್ಳಿ. ಹತ್ತನೇ ಕ್ಲಾಸಿನೋರಿಗೆ ಟೆಸ್ಟ್ ಇದೆ."

ಬೆಂಚುಗಳು ಕಿರುಗುಟ್ಟಿದವು. ಪಕ್ಕದವರು ನನ್ನ ಸೆರಗು ಜಗ್ಗಿದರು.

"ಇನ್ನೂ ಆಗಿಲ್ಲ ಸಾರ್" ಎಂದೆ, ಕಣ್ಣು ಬಿಡದೆಯೇ.